ಬೆಣಚುಕಲ್ಲಿನಲ್ಲಿ ಹೊನ್ನಿನ ಅನ್ವೇಷಣೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹೊನ್ನಿನ ಮಾತೆಂದರೆ ಕಿವಿ ನಿಮಿರದವರು ವಿರಳ. ಆದರೆ ಈ ಸಂಜೆ ನಾವು ಅರಿಕೆ ಮಾಡಿಕೊಳ್ಳಹೊರಟಿರುವುದು ಹೊನ್ನು ದೊರೆತ ಕಥೆಯನ್ನಲ್ಲ, ಅದನ್ನು ಹುಡುಕಲು ಕಲಿತ ಕಥೆಯನ್ನು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲಸಿರುವ ನಮ್ಮ ಕನ್ನಡ ಮನೆತನಗಳ ಕೆಲವರು ಭಾನುವಾರಗಳಂದು ಕಲ್ಲು ನೋಡಲು ಹೊರಡುವುದುಂಟು. ಸುತ್ತಿಗೆ, ಉಳಿ, ಭೂತಗನ್ನಡಿ, ಕಬ್ಬಿಣದ ಒರಳು, ಒಂದು ಮರಿಗೆ; ಇವಿಷ್ಟೇ ನಮ್ಮ ಸಲಕರಣೆ. ಈ ಸೀಮೆ ಕಲ್ಲಿನ ಸಂಪತ್ತಿಗೆ ಬಡದಲ್ಲ. ಕಾಂಗೇಯಂ ಬಳಿಯ ಪಡಿಯೂರಿನಲ್ಲಿ ಹಿಂದೆ ಬೆರಿಲ್ ಎಂಬ ರತ್ನವನ್ನು ಅಗೆದು ತೆಗೆಯುತ್ತಿದ್ದರು. ನೊಯ್ಯಲ್ ನದಿಯ ದಡದ ಕೊಡುಮಣಲಿನಲ್ಲಿ ಪ್ರಾಚೀನರು ಮಣಿಗಳನ್ನು ಕೊರೆಯುತ್ತಿದ್ದ ಕುರುಹುಗಳು ಉತ್ಖನನದಲ್ಲಿ ದೊರೆತಿವೆ.

ಬಂಡೆಯಲ್ಲಿ ಚಿನ್ನವು ಬಹುಮಟ್ಟಿಗೆ ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿರುತ್ತದೆ. ಬೆಣಚು ತುಕ್ಕು ಹಿಡಿದಂತೆ ಕೆಂಪಾಗಿ, ಸಣ್ಣ ಗುಳಿಗಳಿಂದ ಕೂಡಿದ್ದರೆ ಅದನ್ನು ಒಡೆದು ನೋಡಬೇಕು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಒದ್ದೆ ಮಾಡಿಕೊಂಡೇ ಕುಟ್ಟತಕ್ಕದ್ದು. ಬಳಿಕ ಆ ಹುಡಿಯನ್ನು ಮರಿಗೆಯಲ್ಲಿ ನೀರಿನೊಡನೆ ಅಲುಗಿಸಬೇಕು. ತಾಯಂದಿರು ಅಕ್ಕಿಯನ್ನು ಜಾಲಿಸಿ ಕಲ್ಲನ್ನು ಬೇರ್ಪಡಿಸುವ ವಿದ್ಯೆಯೇ ಇದು. ಬೆಣಚು ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಮೀರಿದ ಭಾರ; ಚಿನ್ನವಾದರೋ 19 ಪಟ್ಟು. ಹಗುರಾದುದು ನೀರಿನೊಡನೆ ಹರಿದುಹೋಗಿ, ತಳದಲ್ಲಿ ಕರಿಮರಳೂ, ಇದ್ದರೆ ಚಿನ್ನದ ಕಣವೂ ಉಳಿಯುತ್ತವೆ.

ಈ ವಿದ್ಯೆ ಕನ್ನಡ ನಾಡಿಗೆ ಹೊಸತಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಹೀಗೆಯೇ ಚಿನ್ನವನ್ನು ತೊಳೆದು ತೆಗೆಯುತ್ತಿದ್ದರು. 1802ರಲ್ಲಿ ಕೋಲಾರ ಸೀಮೆಯ ಗ್ರಾಮಸ್ಥರು ಎತ್ತಿನ ಗಾಡಿಯಲ್ಲಿ ಮಣ್ಣು ತಂದು, ವಾರನ್ ಎಂಬ ಸೇನಾಧಿಕಾರಿಯ ಕಣ್ಣೆದುರಿಗೇ ತೊಳೆದು, ಚಿನ್ನದ ಹುಡಿಯನ್ನು ತೋರಿಸಿದರು. ಅಲ್ಲಿ ಮುಂದೆ ಬೆಳೆದ ಮಹಾಗಣಿ 2001ರಲ್ಲಿ ಮುಚ್ಚಿತು. ಮರಿಗೆಯ ವಿದ್ಯೆ ಮಾತ್ರ ಉಳಿದಿದೆ.

ಇದರಿಂದ ಪ್ರಯೋಜನವೇನೆಂದು ತಾವು ಕೇಳಬಹುದು. ಒಂದು ಪ್ರಸಂಗವನ್ನು ನಿವೇದಿಸುವೆವು. ನಮ್ಮವರೇ ಆದ ಒಂದು ನೇಕಾರ ಕುಟುಂಬಕ್ಕೆ ಪರಿಚಿತನೊಬ್ಬನು ಹೊಳೆಯುವ ಕಲ್ಲೊಂದನ್ನು ಕೊಟ್ಟು, ಇಂತಹ ಚಿನ್ನದ ಕಲ್ಲು ತುಂಬಿದ ಹೊಲದಲ್ಲಿ ಪಾಲು ಕೊಡಿಸುವೆನೆಂದು ಮುಂಗಡ ಕೇಳಿದ್ದನು. ಮಗಳ ಕಾಲೇಜು ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟಿದ್ದ ಹಣವನ್ನು ಮರುದಿನವೇ ಕೊಡುವುದೆಂದು ನಿಶ್ಚಯವಾಗಿತ್ತು. ತಾಯಿ ಮಾತ್ರ ಆ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮಲ್ಲಿಗೆ ಬಂದರು.

ಕಲ್ಲಿನಿಂದ ಹೊಳೆಯುವ ಕಣವೊಂದನ್ನು ಬಿಡಿಸಿ ಸುತ್ತಿಗೆಯಿಂದ ತಟ್ಟಿದೆವು. ಚಿನ್ನವಾಗಿದ್ದರೆ ತಗಡಾಗಬೇಕಿತ್ತು, ಅದು ಪುಡಿಯಾಯಿತು. ಒಡೆದ ಪಿಂಗಾಣಿ ಬಟ್ಟಲಿನ ಮೆರುಗಿಲ್ಲದ ತಳಕ್ಕೆ ಇನ್ನೊಂದು ಚೂರನ್ನು ಉಜ್ಜಿದೆವು. ಹಳದಿ ಗೆರೆ ಬರಬೇಕಾದಲ್ಲಿ ಕಪ್ಪು ಗೆರೆ ಮೂಡಿತು.

“ಇನ್ನೊಮ್ಮೆ ಉಜ್ಜಿ ನೋಡಿ, ಅಣ್ಣಾ” ಎಂದರು ಆ ತಾಯಿ.

ಉಜ್ಜಿದೆವು. ಮತ್ತೆ ಕಪ್ಪು ಗೆರೆಯೇ. ಅದು ಗಂಧಕ ಬೆರೆತ ಕಬ್ಬಿಣದ ಅದಿರು, ಪೈರೈಟ್. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಹಣ ಮಾತ್ರ ಮನೆಯಲ್ಲೇ ಉಳಿಯಿತು. ಆ ಮಗಳು ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಬಿಡುವಿನ ಭಾನುವಾರಗಳಂದು ಪಿಂಗಾಣಿ ಚೂರು ಹಿಡಿದು ನಮ್ಮೊಡನೆ ಬರುತ್ತಾಳೆ.

ಬಡವರು ಮಾತ್ರ ಹೀಗೆ ಮೋಸಹೋಗುವರೆಂದು ತಿಳಿಯಬೇಡಿ. ನಮಗೆ ನೆರೆಯಾದ ನೀಲಗಿರಿಯ ದೇವಾಲ, ಪಂದಲೂರು ಪ್ರದೇಶದಲ್ಲಿ 1879ರಿಂದ 1881ರವರೆಗೆ ಹೊನ್ನಿನ ಹುಚ್ಚು ಎದ್ದಿತು. ಲಂಡನ್ನಿನಲ್ಲಿ ಕಂಪನಿಯ ಮೇಲೆ ಕಂಪನಿ ಹುಟ್ಟಿ ಷೇರುಗಳು ಮಾರಾಟವಾದವು, ಯಂತ್ರಗಳು ಘಟ್ಟವೇರಿದವು. ಅಲ್ಲಿ ಚಿನ್ನವಿದ್ದುದು ನಿಜ. ಆದರೆ ಆಯ್ದ ಕೆಲವು ಕಲ್ಲುಗಳಲ್ಲಿ ಕಂಡಷ್ಟು ಚಿನ್ನ ಇಡೀ ಬಂಡೆಯಲ್ಲಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಗಳು ಕುಸಿದವು. ಒಂದು ಕಲ್ಲನ್ನು ನೋಡಿ ಬೆಟ್ಟವನ್ನು ಅಳೆಯಬಾರದೆಂಬುದೇ ಇದರ ಪಾಠ.

ತರುಣರಿಗೆ ಎರಡು ಎಚ್ಚರಿಕೆಯ ಮಾತು. 1957ರ ಗಣಿ ಮತ್ತು ಖನಿಜಗಳ ಕಾಯಿದೆಯಂತೆ ಪರವಾನಗಿ ಇಲ್ಲದೆ ಖನಿಜಾನ್ವೇಷಣೆಗಾಗಲಿ ಗಣಿಗಾರಿಕೆಗಾಗಲಿ ಇಳಿಯುವಂತಿಲ್ಲ. ನಾವು ನೆಲ ಅಗೆಯುವವರಲ್ಲ. ಹೊಲದೊಡೆಯನ ಅಪ್ಪಣೆ ಪಡೆದು, ಬಿದ್ದ ಕಲ್ಲನ್ನು ಒಡೆದು ಕಲಿಯುವವರು. ಅರಣ್ಯದೊಳಕ್ಕೂ ಹಳೆಯ ಗುಂಡಿಗಳೊಳಕ್ಕೂ ಕಾಲಿಡುವುದಿಲ್ಲ. ಎರಡನೆಯದಾಗಿ, ಚಿನ್ನವನ್ನು ಸೆಳೆಯಲು ಪಾದರಸವನ್ನು ಬಳಸಿ ಕಾಯಿಸುವ ಹಳೆಯ ಪದ್ಧತಿಯನ್ನು ಎಂದಿಗೂ ಅನುಸರಿಸಬೇಡಿ. ಅದರ ಹಬೆ ವಿಷ.

ಮರಿಗೆಯ ತಳದಲ್ಲಿ ಇದುವರೆಗೆ ನಮಗೆ ಕರಿಮರಳಷ್ಟೇ ಉಳಿದಿದೆ. ಆದರೂ ಬೇಸರವಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಂಡೆಯ ಮೇಲೊಂದು ಶಾಸನವನ್ನು ಕಂಡರು. ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂದು ನಿಶ್ಚಯವಾದುದು ಅದರಿಂದ. ಚಿನ್ನದ ಕಸುಬಿನವರ ಕಣ್ಣಿಗೆ ಇತಿಹಾಸವೇ ದೊರಕಿತು.

ಆದುದರಿಂದ, ತಾಯಂದಿರೆ ತಂದೆಗಳೆ, ತಮ್ಮ ಮಕ್ಕಳು ಕಲ್ಲೊಂದನ್ನು ಮನೆಗೆ ತಂದರೆ ಗದರಿಸಿ ಎಸೆಯಬೇಡಿ. ಒಡೆದ ಬಟ್ಟಲೊಂದನ್ನು ಅವರ ಕೈಗೆ ಕೊಡಿ. ಬೆಣಚು, ಕಾಗೆಬಂಗಾರ, ಒರೆಗಲ್ಲು ಎಂಬ ನಮ್ಮ ಮಾತುಗಳನ್ನೂ ಜೊತೆಗೆ ಹೇಳಿಕೊಡಿ. ಹೊಳೆಯುವುದನ್ನು ಉಜ್ಜಿ ನೋಡುವ ಅಭ್ಯಾಸವಿದ್ದ ಮಗು ನಾಳೆ ಯಾರ ಮಾತಿಗೂ ಸುಲಭವಾಗಿ ಮರುಳಾಗದು.