ಉಸ್ಮಾನಾಬಾದಿನ ಹೆಂಗಸರು ಕಲಿಸಿದ ಪಾಠ ನಮ್ಮ ಅವ್ವಂದಿರಿಗೆ ಯಾಕೆ ಮುಟ್ಟಲಿಲ್ಲ?

(ಕನ್ನಡ ಯುವಕ ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ಇಲ್ಲಿ ಗಂಡುಹುಡುಗರೇ ಹೆಚ್ಚಿದ್ದೀರಿ. ಗರ್ಭಕೋಶದ ಮಾತು ನಮಗ್ಯಾಕೆ ಎಂದು ಕೆಲವರು ತಲೆ ತಗ್ಗಿಸಿರುವುದು ಕಾಣುತ್ತಿದೆ. ತಲೆ ಎತ್ತಿ. ಈ ಮಾತು ನಿಮಗೇ ಬೇಕಾದದ್ದು. ಯಾಕೆಂದರೆ ನಿಮ್ಮ ಅವ್ವ ತಾನಾಗಿ ನಿಮಗೆ ಹೇಳುವುದಿಲ್ಲ. ಬಿಳಿಸೆರಗು ಹೆಚ್ಚಾಗಿದೆ, ಮುಟ್ಟು ನಿಂತು ಮೂರು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಿದೆ ಎಂದು ಯಾವ ತಾಯಿ ಮಗನ ಮುಂದೆ ಬಾಯಿಬಿಡುತ್ತಾಳೆ? ಗಂಡನಿಗೇ ಹೇಳುವುದಿಲ್ಲ. ಸೊಂಟನೋವು ಎನ್ನುತ್ತಾಳೆ, ಮುಲಾಮು ಹಚ್ಚಿಕೊಂಡು ಮಲಗುತ್ತಾಳೆ.

2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಗರ್ಭಕಂಠದ, ಅಂದರೆ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಇದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಇದು ಹಣೆಬರಹವಲ್ಲ ಸ್ವಾಮಿ. ಕಾರಣ ಗೊತ್ತಿರುವ ಕಾಯಿಲೆ. ಎಚ್.ಪಿ.ವಿ. ಎಂಬ ವೈರಸ್ಸಿನ ಕೆಲವು ಜಾತಿಗಳೇ ಇದರ ಮೂಲ. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರ ತಂಡ 1983 ಮತ್ತು 1984ರಲ್ಲಿ ಅವುಗಳಲ್ಲಿ ಮುಖ್ಯವಾದ ಎರಡನ್ನು, 16 ಮತ್ತು 18ನೇ ನಂಬರಿನವನ್ನು, ಹಿಡಿದು ತೋರಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ವೈರಸ್ ಗಂಡು ಹೆಣ್ಣಿನ ಕೂಟದಲ್ಲಿ ಹರಡುತ್ತದೆ. ಬಹಳ ಮಂದಿಗೆ ಬಂದು, ತಾನೇ ಹೋಗಿಬಿಡುತ್ತದೆ. ಆದ್ದರಿಂದ ಯಾರ ನಡತೆಯ ಮೇಲೂ ಬೆರಳು ತೋರಿಸುವ ಹಾಗಿಲ್ಲ. ಹೋಗದೆ ಉಳಿದುಕೊಂಡವರಲ್ಲಿ ಕೆಲವರಿಗೆ ಹತ್ತು ಹದಿನೈದು ಇಪ್ಪತ್ತು ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ಇಷ್ಟು ನಿಧಾನವಾಗಿ ಬರುವ ಶತ್ರುವನ್ನು ಬಾಗಿಲಲ್ಲೇ ತಡೆಯಲು ಸಾಧ್ಯವಿಲ್ಲವೇ?

ಸಾಧ್ಯ ಎಂದು ತೋರಿಸಿಕೊಟ್ಟದ್ದು ಅಮೆರಿಕವಲ್ಲ, ನಮ್ಮ ಪಕ್ಕದ ಜಿಲ್ಲೆ. ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಹೆಸರು ಧಾರಾಶಿವ. ನಮ್ಮ ಬೀದರ್, ಕಲಬುರಗಿಗಳ ಗಡಿಗೆ ಅಂಟಿಕೊಂಡ ನೆಲ. 1956ರವರೆಗೆ ಆ ಜಿಲ್ಲೆಯೂ ನಮ್ಮ ಈ ಜಿಲ್ಲೆಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅದೇ ಬಿಸಿಲು, ಅದೇ ಜೋಳದ ರೊಟ್ಟಿ, ಅದೇ ಬಡತನ.

1999ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುವಾಯಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ, ಫ್ರಾನ್ಸಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಕೆಲಸ. ಮುಂದಾಳು ಡಾ. ಆರ್. ಶಂಕರನಾರಾಯಣನ್. ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವೈರಸ್ ಇದೆಯೇ ಎಂಬ ಪರೀಕ್ಷೆ. ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ, ಅಂದರೆ ಗರ್ಭಕಂಠದಿಂದ ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೂರನೆಯದಕ್ಕೆ ವಿನಿಗರ್ ಪರೀಕ್ಷೆ: ಅಸಿಟಿಕ್ ಆಮ್ಲದ ತೆಳುದ್ರಾವಣ ಸವರಿ, ಒಂದು ನಿಮಿಷ ಬಿಟ್ಟು, ಬೆಳ್ಳಗಾಯಿತೇ ಎಂದು ಬರಿಗಣ್ಣಿನಿಂದ ನೋಡುವುದು. ನಾಲ್ಕನೆಯ ಗುಂಪಿಗೆ ಪರೀಕ್ಷೆಯಿಲ್ಲ, ತಿಳಿವಳಿಕೆಯ ಮಾತು ಮಾತ್ರ.

ಎಂಟು ವರ್ಷ ಕಾದರು. 2009ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆಯಿಲ್ಲದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 64. ವೈರಸ್ ಪರೀಕ್ಷೆಯ ಗುಂಪಿನಲ್ಲಿ 34. ಬಲಿತ ಹಂತದ ಕ್ಯಾನ್ಸರ್ ಅಲ್ಲಿ 82 ಮಂದಿಗೆ, ಇಲ್ಲಿ 39 ಮಂದಿಗೆ. ಬದುಕಿನಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆ, ಗೆಳೆಯರೇ! ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಉಳಿದ ಎರಡು ಪರೀಕ್ಷೆಗಳು ಅಲ್ಲಿ ಹೇಳಿಕೊಳ್ಳುವಷ್ಟು ಫಲ ಕೊಡಲಿಲ್ಲ. ಹಾಗೆಂದು ವಿನಿಗರ್ ಪರೀಕ್ಷೆಯನ್ನು ಹೀಗಳೆಯಬೇಡಿ. ತಮಿಳುನಾಡಿನ ದಿಂಡಿಗಲ್‌ನಲ್ಲಿ ಅದು ಸಾವನ್ನು ಶೇ. 35ರಷ್ಟು ಇಳಿಸಿತು ಎಂದು 2007ರಲ್ಲಿ ವರದಿಯಾಗಿದೆ. ಮುಂಬೈಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಸಾಧಾರಣ ಕಾರ್ಯಕರ್ತೆಯರು ಎರಡೆರಡು ವರ್ಷಕ್ಕೊಮ್ಮೆ ಮಾಡಿ ಶೇ. 31ರಷ್ಟು ಇಳಿಸಿದರು. ನೋಡುವ ಕಣ್ಣು ಪಳಗಿರಬೇಕು, ಅಷ್ಟೆ.

ಆ 64 ಮಂದಿಯ ಮಾತನ್ನು ಹಾರಿಸಿ ಮುಂದೆ ಹೋಗಲಾರೆ. ಪರೀಕ್ಷೆಯಿಂದ ಉಪಯೋಗವಿದೆ ಎಂದು ಜಗತ್ತಿಗೆ ಗೊತ್ತಿರುವಾಗ ಬಡ ಹೆಂಗಸರ ಒಂದು ಗುಂಪನ್ನು ಪರೀಕ್ಷೆಯಿಲ್ಲದೆ ಬಿಟ್ಟದ್ದು ಸರಿಯೇ ಎಂದು ವೈದ್ಯರೇ ಪ್ರಶ್ನೆ ಎತ್ತಿದರು. ದೇಶದಲ್ಲಿ ಆಗ ಯಾರಿಗೂ ಪರೀಕ್ಷೆ ಸಿಗುತ್ತಿರಲಿಲ್ಲ, ಇದ್ದದ್ದೇ ಅದು ಎಂಬುದು ಮಾಡಿದವರ ಉತ್ತರ. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅಷ್ಟು ದೊಡ್ಡ ಬೆಲೆ ತೆತ್ತು ಪಡೆದ ತಿಳಿವನ್ನು ಕಡತದಲ್ಲಿ ಕೊಳೆಯಲು ಬಿಟ್ಟದ್ದು ಅದಕ್ಕಿಂತ ದೊಡ್ಡ ಅನ್ಯಾಯ. ಹತ್ತು ವರ್ಷ ಕಳೆದ ಮೇಲೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, ಭಾರತದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿಗೆ ತಪಾಸಣೆ ಮಾಡಿಸಿಕೊಂಡವರು ಶೇ. 1.9. ನೂರಕ್ಕೆ ಇಬ್ಬರೂ ಇಲ್ಲ!

ಲಸಿಕೆಯ ಕಥೆಯಂತೂ ಇನ್ನೂ ವಿಚಿತ್ರ. 2009ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲೂ ಗುಜರಾತಿನ ವಡೋದರಾದಲ್ಲೂ ಸಾವಿರಾರು ಹುಡುಗಿಯರಿಗೆ ಎಚ್.ಪಿ.ವಿ. ಲಸಿಕೆ ಹಾಕಿದರು. ಏಳು ಹುಡುಗಿಯರು ತೀರಿಕೊಂಡರು. ಹಾವು ಕಚ್ಚಿ, ನೀರಿಗೆ ಬಿದ್ದು, ಹೀಗೆ. ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆದರೆ ಅಲ್ಲಿ ಬೇರೊಂದು ಹುಳುಕು ಹೊರಬಿತ್ತು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್ನರು, ಹೆಡ್‌ಮಾಸ್ಟರರು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ನಮ್ಮ ಪಾಲಿಗೆ ಇದು ಸಣ್ಣ ಮಾತಲ್ಲ. ಸಂಶೋಧನೆಗೆ ಒಪ್ಪಿಗೆ ಕೇಳುವಾಗ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಬೇಕು ಎಂಬುದು ಈ ದೇಶದ ನಿಯಮ. ನಾಳೆ ನಿಮ್ಮ ಅಕ್ಕನ ಮುಂದೆ ಯಾವುದಾದರೂ ಆಸ್ಪತ್ರೆ ಇಂಗ್ಲಿಷ್ ಕಾಗದ ಚಾಚಿ ಇಲ್ಲಿ ಸಹಿ ಮಾಡಮ್ಮ ಎಂದರೆ, ಕನ್ನಡದ್ದು ಕೊಡಿ ಎನ್ನಿ. ಕೊಟ್ಟರೆ ಅದು ಉಪಕಾರವಲ್ಲ. ಕನ್ನಡದ್ದು ಎಂದು ಕೊಟ್ಟ ಕಾಗದವೂ ಪಂಡಿತರಿಗೇ ತಿಳಿಯದ ಹಾಗಿದ್ದರೆ, ಬಾಯಿಬಿಟ್ಟು ಹೇಳಿ ಎಂದು ಕೇಳಿ.

ಆ ಗಲಾಟೆಯಲ್ಲಿ 2010ರ ಏಪ್ರಿಲ್‌ನಲ್ಲಿ ಸರ್ಕಾರ ದೇಶದ ಎಲ್ಲ ಎಚ್.ಪಿ.ವಿ. ಲಸಿಕೆ ಅಧ್ಯಯನಗಳಿಗೂ ತಡೆ ಹಾಕಿತು. ಎರಡು ಡೋಸು ಸಾಕೇ, ಮೂರು ಬೇಕೇ ಎಂದು ನೋಡುತ್ತಿದ್ದ ಇನ್ನೊಂದು ದೊಡ್ಡ ಅಧ್ಯಯನವೂ ನಡುವೆಯೇ ನಿಂತಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿತ್ತು. ಸಂಶೋಧಕರು ಅವರ ಕೈಬಿಡಲಿಲ್ಲ, ಹತ್ತು ವರ್ಷ ಹಿಂದೆ ಬಿದ್ದು ನೋಡಿದರು. ಒಂದೇ ಡೋಸು ಪಡೆದವರಿಗೂ 16, 18ನೇ ವೈರಸ್ಸು ದೇಹದಲ್ಲಿ ನೆಲೆಯೂರದಂತೆ ಶೇ. 95ರಷ್ಟು ರಕ್ಷಣೆ! 2021ರಲ್ಲಿ ಇದು ಪ್ರಕಟವಾಯಿತು. ಇಂಥ ಪುರಾವೆಗಳನ್ನು ನೋಡಿ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸಿಗೂ ಒಪ್ಪಿತು. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ ಭಾರತದಲ್ಲಿ ಅನುಮತಿ ಸಿಕ್ಕಿತು. 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸಿದರೆ ಹೆಚ್ಚು ಫಲ. ನಿಮ್ಮ ತಂಗಿಗೆ, ಅಕ್ಕನ ಮಗಳಿಗೆ.

ಚಿಕಿತ್ಸೆಯೂ ನಿಂತ ನೀರಲ್ಲ. ವಿಕಿರಣದ ಜೊತೆ ಕೀಮೋ ಕೊಡುವುದು 1999ರಿಂದ ರೂಢಿ. ಅದಕ್ಕೆ ಮುಂಚೆ ಆರು ವಾರ, ವಾರಕ್ಕೊಮ್ಮೆ ಎರಡು ಹಳೆಯ ಔಷಧಿ ಕೊಟ್ಟು ನೋಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಬ್ರಿಟನ್, ಮೆಕ್ಸಿಕೊ, ಭಾರತ, ಇಟಲಿ, ಬ್ರೆಜಿಲ್‌ಗಳ 500 ಹೆಂಗಸರು. ಐದು ವರ್ಷದ ಮೇಲೆ ಬದುಕಿದ್ದವರು ಶೇ. 72ರಿಂದ 80ಕ್ಕೆ ಏರಿದರು. ಹೊಸ ದುಬಾರಿ ಮದ್ದು ಬೇಕಾಗಲಿಲ್ಲ ಎಂಬುದೇ ನನಗೆ ಸಂತೋಷ.

ಎಲ್ಲ ಹೆಣ್ಣುಕ್ಯಾನ್ಸರಿಗೂ ಇಂಥ ದಾರಿ ಸಿಕ್ಕಿದೆ ಎಂದುಕೊಳ್ಳಬೇಡಿ. ಅಂಡಾಶಯದ ಕ್ಯಾನ್ಸರಿಗಾಗಿ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ತಪಾಸಣೆಯಿಂದ ಸಾವು ಇಳಿಯಲಿಲ್ಲ ಎಂದು 2021ರಲ್ಲಿ ಗೊತ್ತಾಯಿತು. ರಕ್ತ ಪರೀಕ್ಷೆಯಲ್ಲಿ ಎಲ್ಲವನ್ನೂ ಹಿಡಿಯುತ್ತೇವೆ ಎಂಬ ಜಾಹೀರಾತು ಕಂಡರೆ ಪರ್ಸನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಹಾಗಾದರೆ ನೀವೇನು ಮಾಡಬೇಕು? ಮುಟ್ಟು ನಿಂತವರಿಗೆ ಮತ್ತೆ ರಕ್ತ, ಕೂಟದ ನಂತರ ರಕ್ತ, ವಾಸನೆಯ ಬಿಳಿಸೆರಗು: ಇದ್ದರೆ ತಪಾಸಣೆ ಶಿಬಿರಕ್ಕೆ ಕಾಯಬೇಡಿ, ನೇರ ಸ್ತ್ರೀರೋಗ ವೈದ್ಯರ ಹತ್ತಿರ ಕರೆದೊಯ್ಯಿರಿ. ಏನೂ ತೊಂದರೆ ಇಲ್ಲದಿದ್ದರೂ 30ರಿಂದ 65ರವರೆಗಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿನಿಗರ್ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಮಾಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಇಲ್ಲ ಎಂದರೆ ಯಾಕಿಲ್ಲ ಎಂದು ಕೇಳಿ. ವೈರಸ್ ಪರೀಕ್ಷೆಗೆ ಕೈಯಲ್ಲಿ ದುಡ್ಡಿದ್ದವರು ಅದನ್ನೇ ಮಾಡಿಸಿ.

ಅವ್ವನಿಗೆ ಹೇಗೆ ಹೇಳುವುದು ಎಂದರೆ, ಅಕ್ಕನ ಕೈಲೋ ಅತ್ತಿಗೆಯ ಕೈಲೋ ಹೇಳಿಸಿ. ಕುಯ್ಯುವುದಿಲ್ಲ, ಮಂಪರು ಬರಿಸುವುದಿಲ್ಲ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ, ಕೆಲವೇ ನಿಮಿಷದ ಕೆಲಸ ಎನ್ನಿ. ಲೇಡಿ ಡಾಕ್ಟರೇ ನೋಡುತ್ತಾರೆಯೇ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಅದನ್ನು ಮೊದಲೇ ವಿಚಾರಿಸಿಟ್ಟುಕೊಂಡು ಹೋಗಿ.