ಬಾಯಿ ಕ್ಲೀನ್ ಅಂದ್ರೆ ಬೀಡಿಗೆ ಪರ್ಮಿಷನ್ ಅಲ್ಲ

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ. ವಿಷಯ ನಮ್ಮ ದೊಡ್ಡಪ್ಪಂದು. ಅವರನ್ನ ಕೇಳಿಯೇ ಮಾತಾಡ್ತಿದ್ದೀನಿ.

ದೊಡ್ಡಪ್ಪನಿಗೆ 61 ವರ್ಷ. ದಾವಣಗೆರೆಯಲ್ಲಿ ಹತ್ತಿ ಮಿಲ್ ಕೆಲಸಕ್ಕೆ ಸೇರಿದಾಗ ಬೀಡಿ ಶುರುವಾಯ್ತು. ಮಿಲ್ ಮುಚ್ಚಿತು, ಬೀಡಿ ನಿಲ್ಲಲಿಲ್ಲ. ಹೋದ ತಿಂಗಳು ಆಶಾ ಕಾರ್ಯಕರ್ತೆಯೊಬ್ಬರು ಬೆನ್ನುಬಿದ್ದು ಅವರನ್ನ ತಪಾಸಣಾ ಶಿಬಿರಕ್ಕೆ ಕಳಿಸಿದ್ರು. ಅಲ್ಲಿ ಟಾರ್ಚ್ ಬಿಟ್ಟು ಬಾಯಿ ನೋಡಿ ‘ಏನೂ ಇಲ್ಲ’ ಅಂದ್ರು. ದೊಡ್ಡಪ್ಪ ಮನೆಗೆ ಬಂದವರೇ ಕಟ್ಟೆ ಮೇಲೆ ಕೂತು ಬೀಡಿ ಹಚ್ಚಿದ್ರು. ‘ನೋಡಲೇ, ನಾನು ಪಾಸು. ಇನ್ನು ನೀನು ಪಾಠ ಹೇಳಂಗಿಲ್ಲ’ ಅಂದ್ರು.

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಹಾಗಾದ್ರೆ ತಪಾಸಣೆಯಿಂದ ಲಾಭವೋ ನಷ್ಟವೋ? ಓದೋಕೆ ಕೂತೆ.

ಮೊದಲು ಸಿಕ್ಕಿದ್ದು ಪಕ್ಕದ ಕೇರಳದ ಕೆಲಸ. ಡಾ. ಆರ್. ಶಂಕರನಾರಾಯಣನ್ ಮತ್ತು ಅವರ ತಂಡ 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯ್ತಿಗಳನ್ನ ತಗೊಂಡು, ಕೆಲವು ಕಡೆ ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ಪರೀಕ್ಷೆ ಮಾಡಿಸಿದ್ರು, ಉಳಿದ ಕಡೆ ಎಂದಿನಂತೆ ಬಿಟ್ರು. ನನಗೆ ಖುಷಿ ಕೊಟ್ಟ ವಿಷಯ ಅಂದ್ರೆ, ಬಾಯಿ ನೋಡಿದವರು ಡಾಕ್ಟರ್‌ಗಳಲ್ಲ. ಮೆಡಿಕಲ್ ಓದದ, ತರಬೇತಿ ಪಡೆದ ಪದವೀಧರರು. ಅಂದ್ರೆ ನನ್ನಂಥ ಬಿ.ಕಾಂ. ಹುಡುಗನೂ ಕಲಿಯಬಹುದಾದ ಕೆಲಸ. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34% ಕಡಿಮೆ ಆಗಿತ್ತು. ಒಂದು ಟಾರ್ಚು, ಒಂದು ಜೊತೆ ತರಬೇತಾದ ಕಣ್ಣು. ಅಷ್ಟರಿಂದ!

ಹಾಗಾಗಿ ದೊಡ್ಡಪ್ಪ ಶಿಬಿರಕ್ಕೆ ಹೋಗಿದ್ದು ನೂರಕ್ಕೆ ನೂರು ಸರಿ. ಆದರೆ ಅದೇ ಲೆಕ್ಕವನ್ನ ತಿರುಗಿಸಿ ನೋಡಿ. 34% ಕಡಿಮೆ ಅಂದ್ರೆ, ಸುಮಾರು ಮೂರರಲ್ಲಿ ಎರಡು ಪಾಲು ಸಾವು ಹಾಗೇ ಉಳೀತು. ಮೇಲಾಗಿ ಟಾರ್ಚ್ ಬೆಳಕು ಬಾಯಿಯಿಂದ ಆಚೆ ಹೋಗಲ್ಲ. ಶ್ವಾಸಕೋಶ ಕಾಣಲ್ಲ, ಹೃದಯದ ರಕ್ತನಾಳ ಕಾಣಲ್ಲ. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನ ಧೂಮಪಾನಿಗಳು ಮತ್ತು ಬಿಟ್ಟವರ ಮೇಲೆ ದೊಡ್ಡ ಅಧ್ಯಯನ ನಡೀತು. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿದ್ರೆ, ಎದೆ ಎಕ್ಸ್‌ರೇಗೆ ಹೋಲಿಸಿದಾಗ ಶ್ವಾಸಕೋಶದ ಕ್ಯಾನ್ಸರ್ ಸಾವು 20% ಇಳೀತು ಅಂತ 2011ರಲ್ಲಿ ಗೊತ್ತಾಯ್ತು. ಅಷ್ಟು ದುಬಾರಿ ಮಿಷಿನ್ ಇಟ್ಟರೂ 20%!

ನಾನು ಕಾಮರ್ಸ್ ಓದಿದವನು, ನನಗೆ ಅರ್ಥ ಆಗಿದ್ದು ಹೀಗೆ: ತಪಾಸಣೆ ಅನ್ನೋದು ಆಡಿಟ್. ಕಳ್ಳತನ ಬೇಗ ಗೊತ್ತಾಗುತ್ತೆ, ಆದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕೋದು ಆಡಿಟರ್ ಅಲ್ಲ. ಬೀಗ ಅಂದ್ರೆ ಬಿಡೋದು.

ಈ ಬೀಗದ ಬೆಲೆ ಲೆಕ್ಕ ಹಾಕಿದವರು ಬ್ರಿಟನ್ನಿನ ರಿಚರ್ಡ್ ಡಾಲ್. 1951ರಲ್ಲಿ ಬ್ರಾಡ್‌ಫರ್ಡ್ ಹಿಲ್ ಜೊತೆ ಸೇರಿ ಅಲ್ಲಿನ ಡಾಕ್ಟರ್‌ಗಳಿಗೇ ಪತ್ರ ಬರೆದು, ನೀವೆಷ್ಟು ಸೇದ್ತೀರಿ ಅಂತ ಕೇಳಿದ್ರು. 34,439 ಗಂಡಸರನ್ನ 50 ವರ್ಷ ಬೆನ್ನುಹತ್ತಿದ ಲೆಕ್ಕ 2004ರಲ್ಲಿ ಹೊರಬಂತು. ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಮೊದಲೇ ಹೋಗ್ತಾರೆ. 30ಕ್ಕೆ ಬಿಟ್ಟವರಿಗೆ ಆ ಹತ್ತೂ ವರ್ಷ ಹೆಚ್ಚುಕಮ್ಮಿ ವಾಪಸ್. 40ಕ್ಕೆ ಬಿಟ್ಟರೆ 9, 50ಕ್ಕೆ 6, 60ಕ್ಕೆ 3. ಡಾಲ್ ಕೂಡ ಸಿಗರೇಟ್ ಸೇದ್ತಿದ್ರು. ತಮ್ಮದೇ ಅಂಕಿಅಂಶ ನೋಡಿ ಬಿಟ್ಟವರು.

ಇದನ್ನ ದೊಡ್ಡಪ್ಪನಿಗೆ ಹೇಳಿದೆ. ‘ಮೂರು ವರ್ಷ ನನಗೇ ಸಿಗುತ್ತೆ ಅಂತ ಏನ್ ಗ್ಯಾರಂಟಿ?’ ಅಂದ್ರು. ‘ಗ್ಯಾರಂಟಿ ಇಲ್ಲ ದೊಡ್ಡಪ್ಪ. ಆದರೆ ಲೆಕ್ಕ ನಿಮ್ಮ ಕಡೆ ವಾಲುತ್ತೆ’ ಅಂದೆ. ಅವತ್ತು ಏನೂ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಅವರೇ ಕೇಳಿದ್ರು, ‘ಅದೇನೋ ಫೋನ್ ನಂಬರ್ ಅಂದಿದ್ದೆಲ್ಲ?’

ನಂಬರ್ 1800-11-2356. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಕಾಸಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ದೊಡ್ಡಪ್ಪ ಬಿಟ್ಟು ಇವತ್ತಿಗೆ ಹನ್ನೊಂದು ದಿನ. ನಾಲ್ಕನೇ ದಿನ ಒಂದು ಸೇದಿದ್ರಂತೆ, ಅದನ್ನೂ ಹೇಳು ಅಂದಿದ್ದಾರೆ. ಒಂದು ಸಲ ಜಾರಿದ್ರೆ ಮತ್ತೆ ಶುರು ಮಾಡೋದು, ಅಷ್ಟೇ.

ಕೇಳ್ತಿರೋ ನಿಮಗೊಂದು ವಿನಂತಿ. ಮನೇಲಿ 30 ದಾಟಿದವರನ್ನ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ. ಬಾಯಿ ಎಲ್ಲರಿಗೂ, ಹೆಣ್ಣುಮಕ್ಕಳಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಕೂಡ ಕೇಳಿ. ಬೀಡಿ, ಸಿಗರೇಟ್, ಕಡ್ಡಿಪುಡಿ ಇದ್ದವರ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ದಾಟಿದರೂ ಮಾಯದ ಹುಣ್ಣು ಕಂಡರೆ ಶಿಬಿರಕ್ಕೆ ಕಾಯಬೇಡಿ, ಡಾಕ್ಟರ್ ಹತ್ರ ಹೋಗಿ. ‘ಏನೂ ಇಲ್ಲ’ ಅಂದ್ರೆ ಖುಷಿಪಡಿ. ಬಿಡೋದಕ್ಕೆ ಅದಕ್ಕಿಂತ ಒಳ್ಳೆ ದಿನ ಸಿಗಲ್ಲ.

ಮುಂದಿನ ವಾರ ಸಿಗೋಣ. ದೊಡ್ಡಪ್ಪನ ಲೆಕ್ಕ ಎಷ್ಟಕ್ಕೆ ಬಂತು ಅಂತ ಆಗ ಹೇಳ್ತೀನಿ. ನಮಸ್ಕಾರ.