ಹವಳದ ಮನೆಯ ಪುಟ್ಟ ಒಕ್ಕಲು

ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಬಿಳಿಯ ಹವಳದ ಕೊಂಬೆಯೊಂದಿದೆ. ನನ್ನ ಅಜ್ಜ ಮಂಗಳೂರಿನ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳ ಓಡಗಳು ತೆಂಗಿನ ಹುರಿಯನ್ನು ಹೇರಿಕೊಂಡು ಅಲ್ಲಿಗೆ ಬರುತ್ತಿದ್ದುವು. 1956ರ ನವೆಂಬರಿನವರೆಗೆ ಆ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಓಡದವರಾರೋ ಅಜ್ಜನಿಗಿತ್ತ ಕಾಣಿಕೆ ಅದು. ಬಾಲ್ಯದಲ್ಲಿ ನಾನದನ್ನು ಕಲ್ಲೆಂದೇ ತಿಳಿದಿದ್ದೆ.

2015ರಲ್ಲಿ ಕಡಮತ್ತಿಗೆ ಹೋದಾಗ, ಗಾಜಿನ ತಳದ ದೋಣಿಯಲ್ಲಿ ಬಾಗಿ ನೋಡಿದೆ. ಕೆಳಗೆ ಅಂಥದೇ ಹವಳದ ಪೊದೆ, ಆದರೆ ಜೀವಂತ. ಅದರ ಸುತ್ತ ಬೆರಳುದ್ದದ ಹತ್ತು ಹನ್ನೆರಡು ಮೀನುಗಳು. ಬಿಳಿಯ ಮೈಗೆ ಮೂರು ಕಪ್ಪು ಪಟ್ಟೆ. ದೋಣಿಯ ನೆರಳು ಬಿದ್ದೊಡನೆ ಎಲ್ಲವೂ ಕೊಂಬೆಗಳೊಳಗೆ ಅಡಗಿದುವು. ನೆರಳು ಸರಿದಾಗ ಮತ್ತೆ ಹೊರಬಂದುವು.

ಮಿತ್ರರೆ, ಈ ಮೀನು ಶಾಸ್ತ್ರಜ್ಞರ ಡ್ಯಾಸಿಲಸ್ ಕುಲಕ್ಕೆ ಸೇರಿದುದು. ಇಂಗ್ಲಿಷಿನವರು ಹಂಬಗ್ ಎನ್ನುತ್ತಾರೆ. ಅದು ಪಟ್ಟೆ ಪಟ್ಟೆಯ ಪೆಪ್ಪರಮೆಂಟಿನ ಹೆಸರು! ಒಂದು ಪೊದೆಯೇ ಒಂದು ಕುಟುಂಬದ ಮನೆ. ಗಾತ್ರದಲ್ಲಿ ಹಿರಿದಾದುದಕ್ಕೆ ಯಜಮಾನಿಕೆ. ಆ ಗಂಡು ಅಳಿದರೆ ಹೆಣ್ಣುಗಳಲ್ಲಿ ದೊಡ್ಡದಾದುದು ತಾನೇ ಗಂಡಾಗಿ ಮಾರ್ಪಟ್ಟು ಮನೆಯನ್ನು ನಡೆಸುತ್ತದೆ. ಮೊಟ್ಟೆಗಳನ್ನು ಕಾಯುವವನು ತಂದೆ. ಮರಿಗಳು ಕೆಲವು ವಾರ ತೆರೆದ ಕಡಲಿನಲ್ಲಿ ತೇಲಿ, ಅನಂತರ ಜೀವಂತ ಹವಳವನ್ನು ಅರಸಿ ಬರುತ್ತವೆ. ಈ ಒಕ್ಕಲು ಬಾಡಿಗೆಯನ್ನೂ ತೆರುತ್ತದೆ: ಮೀನುಗಳ ವಿಸರ್ಜನೆಯೇ ಹವಳಕ್ಕೆ ಗೊಬ್ಬರ.

ಆದರೆ ಕಡಲು ಮಿತಿಮೀರಿ ಬಿಸಿಯಾದಾಗ, ಹವಳವು ತನ್ನೊಳಗಿದ್ದು ತನಗೆ ಅನ್ನವನ್ನೂ ಬಣ್ಣವನ್ನೂ ನೀಡುವ ಸೂಕ್ಷ್ಮ ಪಾಚಿಯನ್ನು ಹೊರದೂಡುತ್ತದೆ, ಬೆಳ್ಳಗಾಗುತ್ತದೆ. ಬಿಸಿ ಬೇಗನೆ ಇಳಿದರೆ ಚೇತರಿಸಿಕೊಂಡೀತು, ಇಲ್ಲವಾದರೆ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಹೀಗೆ ಬಿಳುಚಿದುವು. ಸತ್ತ ಕೊಂಬೆಗಳು ಕ್ರಮೇಣ ಮುರಿದು ಬೀಳುತ್ತವೆ. ಆಮೇಲೆ ನೆರಳು ಬಿದ್ದರೆ ಅಡಗಲು ಎಡೆಯೆಲ್ಲಿ? ನಾನು ಕಂಡ ಪೊದೆಯ ಗತಿಯೇನಾಯಿತೋ ಎಂದು ಯೋಚಿಸುತ್ತಲೇ ಇರುತ್ತೇನೆ. ಆ ಬಿಸಿಗೆ ನಮ್ಮ ಊರುಗಳ ಹೊಗೆಯ ಪಾಲೂ ಉಂಟಲ್ಲವೆ?

ಬೀರುವಿನ ಕೊಂಬೆಯ ಬಿಳುಪನ್ನು ನಾನು ಬಹುಕಾಲ ಸೌಂದರ್ಯವೆಂದೇ ಭಾವಿಸಿದ್ದೆ. ಮೊನ್ನೆ ಮೊಮ್ಮಗಳು ಅದನ್ನು ತೋರಿಸಿ, "ಅಜ್ಜ, ಇದೇನು ಕಲ್ಲೆ?" ಎಂದಳು. "ಅಲ್ಲ ಮಗು, ಮನೆ" ಎಂದೆ. ಅವಳು ಕೊಂಬೆಗಳ ಸಂದಿಗೆ ಕಣ್ಣಿಟ್ಟು ನೋಡಿ ಕೇಳಿದಳು: "ಹಾಗಾದರೆ ಇದರಲ್ಲಿದ್ದವರೆಲ್ಲ ಎಲ್ಲಿಗೆ ಹೋದರು?"